ಎರಡು ಸೈಕಲ್, ಒಂದೇ ಡಾಂಬರು

ನವೆಂಬರ್ 16, ಭಾನುವಾರ

ವರುಣಾ ಕೆರೆ ಬರುವಷ್ಟರಲ್ಲಿ ನಮ್ಮ ಸೈಕಲ್ ಗುಂಪು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿತ್ತು. ಎಲ್ಲರದ್ದೂ ರೋಡ್ ಬೈಕ್. ನನ್ನದೊಂದೇ ಎಂಟಿಬಿ, ಅಂದರೆ ಮೌಂಟನ್ ಬೈಕ್. ಅವರು ಟಿ. ನರಸೀಪುರದಲ್ಲಿ ಇಡ್ಲಿ ತಿಂದು ಕಾಫಿ ಮುಗಿಸುವ ಹೊತ್ತಿಗೆ ನಾನು ತಲುಪಿದೆ. "ನಿಧಾನಕ್ಕೆ ಬನ್ನಿ ಮೇಡಂ, ಪರವಾಗಿಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ದಿನವಿಡೀ ಕೊರೆಯಿತು.

ನಿಧಾನ ನನ್ನ ಕಾಲಿನದೋ, ಸೈಕಲ್ಲಿನದೋ? ತಿಳಿಯದೆ ಬಿಡುವುದಿಲ್ಲ.

ನವೆಂಬರ್ 19, ಬುಧವಾರ

ಪುಟ್ಟಿ ಬೆಂಗಳೂರಿಗೆ ಹೊರಟಳು. ಹೊಸ ಕೆಲಸ, ಪಿಜಿಯಲ್ಲಿ ವಾಸ, ಸೈಕಲ್ ಇಡಲು ಜಾಗವಿಲ್ಲ. "ಅತ್ತೆ, ಮನೆ ಸಿಗೋವರ್ಗೂ ರೋಡ್ ಬೈಕ್ ನಿಮ್ಮ ಹತ್ರಾನೇ ಇರ್ಲಿ. ಸುಮ್ನೆ ನಿಲ್ಲಿಸ್ಬೇಡಿ, ಓಡ್ಸಿ" ಅಂದಳು. ಅಣ್ಣನ ಮಗಳಾದರೂ ಎತ್ತರ ಹೆಚ್ಚುಕಡಿಮೆ ನನ್ನದೇ. ಸೀಟು ಸ್ವಲ್ಪ ಇಳಿಸಿದರೆ ಸಾಕಾಯಿತು.

ರಾತ್ರಿ ಸೈಕಲ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ರೋಡ್ ಬೈಕ್ 10 ಕೆ.ಜಿ. ಎಂಟಿಬಿ ಹದಿನಾಲ್ಕೂವರೆ. ನಾನು 62. "ನಾಲ್ಕೂವರೆ ಕೆ.ಜಿ. ಹೆಚ್ಚು, ಅದಕ್ಕೇ ನಿಧಾನ ಕಣೇ" ಎಂದು ಇವರು ಅಲ್ಲಿಗೇ ತೀರ್ಪು ಕೊಟ್ಟರು. ನನಗೆ ಹಾಗನ್ನಿಸುತ್ತಿಲ್ಲ.

ನವೆಂಬರ್ 22, ಶನಿವಾರ

ಮೊದಲ ಸಲ ರೋಡ್ ಬೈಕ್ ಹತ್ತಿದೆ. ಬೆಳಿಗ್ಗೆ ಐದೂಮುಕ್ಕಾಲು, ರಿಂಗ್ ರೋಡ್. ಭಯವಾಯಿತು. ಟೈರು 25 ಮಿ.ಮೀ. ಅಗಲ, ಎಂಟಿಬಿಯದರಲ್ಲಿ ಅರ್ಧ. ಹ್ಯಾಂಡಲ್ ಒಂದಿಷ್ಟು ಅಲುಗಿದರೆ ಸೈಕಲ್ಲೇ ಅಲುಗುತ್ತದೆ. ಸಣ್ಣ ಕಲ್ಲೂ ಬೆನ್ನುಹುರಿಗೆ ತಿಳಿಯುತ್ತದೆ.

ಸ್ವಲ್ಪ ದೂರ ಹೋದ ಮೇಲೆ ಭಯ ಇಳಿಯಿತು. ಒಂದು ತುಳಿತಕ್ಕೆ ಅದು ಹೋಗುವ ದೂರ! ತುಳಿಯುವುದು ಬಿಟ್ಟರೂ ಓಡುತ್ತಲೇ ಇರುತ್ತದೆ. ಎಂಟಿಬಿಯ ಬಟನ್ ಟೈರು ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ. ಇದರಲ್ಲಿ ಸದ್ದೇ ಇಲ್ಲ. ಈ ವಯಸ್ಸಿಗೆ ಹೀಗೊಂದು ಖುಷಿ ಸಿಗುತ್ತದೆಂದು ಅಂದುಕೊಂಡಿರಲಿಲ್ಲ.

ನವೆಂಬರ್ 23, ಭಾನುವಾರ

ಖುಷಿ ಅಳತೆಯಾಗುವುದಿಲ್ಲ. ಒಂದು ಕಟ್ಟಳೆ ಹಾಕಿಕೊಂಡೆ. ಲಲಿತಮಹಲ್ ಕಡೆಯಿಂದ ನರಸೀಪುರ ರಸ್ತೆಯಲ್ಲಿ 15 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ವಾಪಸ್. ಎರಡೂ ದಿಕ್ಕು ಸೇರಿದರೆ ಗಾಳಿಯ ಪಕ್ಷಪಾತ ಸ್ವಲ್ಪವಾದರೂ ಕಳೆಯುತ್ತದೆ. ಕೈಗಡಿಯಾರದಲ್ಲಿ ನಾಡಿಬಡಿತ 135ರ ಆಸುಪಾಸು ಇರಬೇಕು. ಹೆಚ್ಚಾದರೆ ತುಳಿತ ಇಳಿಸುವುದು. ಕಾಲು ಎರಡಕ್ಕೂ ಅಷ್ಟೇ ದುಡಿಯಲಿ. ಆಮೇಲೆ ಉಳಿಯುವ ವ್ಯತ್ಯಾಸ ಸೈಕಲ್ಲಿನದು.

ನವೆಂಬರ್ 30, ಭಾನುವಾರ

ನಿನ್ನೆ ಎಂಟಿಬಿ, ಇವತ್ತು ರೋಡ್ ಬೈಕ್. ಎರಡೂ ದಿನ ಹೋಗುವಾಗ ಎದುರಿಗೆ ಮೂಡಗಾಳಿ, ಕಣ್ಣಿಗೆ ಹೊಡೆಯುವ ಬಿಸಿಲು.

ಎಂಟಿಬಿ: ಗಂಟೆಗೆ 19.8 ಕಿ.ಮೀ.
ರೋಡ್ ಬೈಕ್: 24.

30 ಕಿ.ಮೀ.ಗೆ 16 ನಿಮಿಷದ ಅಂತರ. ಅಂದರೆ ಇಡ್ಲಿ ತಿಂದು ಕಾಫಿ ಮುಗಿಸುವ ಹೊತ್ತು ಬಂದದ್ದು ಇಲ್ಲಿಂದ. ಕಾಲಿನಿಂದಲ್ಲ. ಓದಿ ಓದಿ ನೋಡಿಕೊಂಡೆ.

ಡಿಸೆಂಬರ್ 2, ಮಂಗಳವಾರ, ರಾತ್ರಿ

ಬ್ಯಾಂಕಿನಿಂದ ಬಂದು ಲೆಕ್ಕಕ್ಕೆ ಕೂತೆ. ಪುಟ್ಟಿ ಫೋನಿನಲ್ಲೇ ಸೂತ್ರ ಹೇಳಿಕೊಟ್ಟಳು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನದಂತೆ. ಟೈರಿನ ತಡೆ ಹಾಗಲ್ಲ. ವೇಗ ಎಷ್ಟೇ ಇರಲಿ, ಅದು ಬಹುಮಟ್ಟಿಗೆ ಅಷ್ಟೇ. ಉರುಳುವಾಗ ರಬ್ಬರು ಕುಗ್ಗಿ ಮತ್ತೆ ಅರಳುತ್ತದೆ, ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಬಟನ್ ಟೈರಿನಲ್ಲಿ ಒಂದೊಂದು ಬಟನ್ನೂ ಮಡಚಿ ಬಿಚ್ಚಬೇಕು. ಹಾಗಾಗಿ ನಯವಾದ ಟೈರಿನ ಸುಮಾರು ಎರಡರಷ್ಟು ತಡೆ.

ನನ್ನ ತೂಕ, ನನ್ನ ವೇಗ ಹಾಕಿದಾಗ ಬಂದದ್ದು: 20ರ ವೇಗದಲ್ಲಿ ಎಂಟಿಬಿ ಮೇಲೆ ನನ್ನ ದುಡಿಮೆಯಲ್ಲಿ ಅರ್ಧ ಗಾಳಿಗೆ, ಅರ್ಧ ಟೈರಿಗೆ. ರೋಡ್ ಬೈಕಿನಲ್ಲಿ ಟೈರಿಗೆ ಹೋಗುವುದು ಮೂರನೇ ಒಂದಕ್ಕಿಂತ ಕಡಿಮೆ. ಇವರು ಹೇಳಿದ ನಾಲ್ಕೂವರೆ ಕೆ.ಜಿ. ಸಮತಟ್ಟಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಗೇರೂ ಕಾರಣವಲ್ಲ. ಮುಂದೆ 42 ಹಲ್ಲು, ಹಿಂದೆ 11. ನಿಮಿಷಕ್ಕೆ 90 ಸುತ್ತು ತುಳಿದರೆ ಎಂಟಿಬಿಯೂ ಗಂಟೆಗೆ 42 ಕಿ.ಮೀ. ಓಡಬೇಕು. ಆ ಗೇರನ್ನು ನಾನು ಮುಟ್ಟುವುದು ಇಳಿಜಾರಿನಲ್ಲಿ ಮಾತ್ರ. ಗುಂಪಿನಲ್ಲಿ ಎಲ್ಲರೂ ಗೇರನ್ನೇ ದೂರುತ್ತಾರಲ್ಲ, ಯಾಕೆ?

ಡಿಸೆಂಬರ್ 4, ಗುರುವಾರ

ಆಡಿಟ್. ಸೈಕಲ್ ಇಲ್ಲ. ಸೊಂಟ ನೋವು.

ಡಿಸೆಂಬರ್ 7, ಭಾನುವಾರ

ಚಾಮುಂಡಿ ಬೆಟ್ಟ. ನಿನ್ನೆ ಒಂದರಲ್ಲಿ, ಇವತ್ತು ಇನ್ನೊಂದರಲ್ಲಿ. ಇಲ್ಲಿ 135 ಸಾಗಲಿಲ್ಲ, 150 ಇಟ್ಟುಕೊಂಡೆ. ಏರಿನಲ್ಲಿ ಎಂಟಿಬಿ 9ರ ಮೇಲೆ ಸ್ವಲ್ಪ, ರೋಡ್ ಬೈಕ್ ಹತ್ತೂವರೆ. ಸಮತಟ್ಟಿನಲ್ಲಿ ನಾಲ್ಕು ಕಿ.ಮೀ. ಇದ್ದ ಅಂತರ ಇಲ್ಲಿ ಒಂದು ಚಿಲ್ಲರೆ. ಆ ನಿಧಾನದಲ್ಲಿ ಗಾಳಿ ಇದ್ದೂ ಇಲ್ಲದಂತೆ. ಎತ್ತಬೇಕಾದದ್ದು ತೂಕ, ಅದರಲ್ಲಿ ಬಹುಪಾಲು ನಾನೇ.

ಎಂಟಿಬಿಯಲ್ಲಿ ಹಗುರ ಗೇರಿದೆ. ಉಸಿರು ಹಿಡಿತದಲ್ಲಿತ್ತು, ಸುತ್ತಲೂ ನೋಡುತ್ತಾ ಹತ್ತಿದೆ. ರೋಡ್ ಬೈಕಿನ ಕೊನೆಯ ಗೇರೂ ನನಗೆ ಭಾರ. ನಂದಿಯ ಕಡೆಗೆ ಹೋಗುವ ತಿರುವಿನ ಹತ್ತಿರ ಎದ್ದು ನಿಂತು ತುಳಿದೆ, ಮಂಡಿ ಚುರುಗುಟ್ಟಿತು. ಇಳಿಯುವಾಗ ಬ್ರೇಕ್ ಹಿಡಿದೂ ಹಿಡಿದೂ ಬೆರಳು ಸೋತವು. ವೇಗ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಈ ಬೆಟ್ಟದಲ್ಲಿ ಗೊಂದಲವಾಯಿತು.

ಡಿಸೆಂಬರ್ 9, ಮಂಗಳವಾರ

ಕೂರುವ ಭಂಗಿ. ಎಂಟಿಬಿಯ ಅಗಲ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತರೆ ಗಾಳಿಗೆ ಕೊಡೆ ಬಿಚ್ಚಿ ಹಿಡಿದಂತೆ.

ಕ್ರಿಸ್ ಬೋರ್ಡ್‌ಮನ್ ಎಂಬ ಇಂಗ್ಲಿಷ್ ಸವಾರನ ಸಂಗತಿ ಓದಿದೆ. 1996ರಲ್ಲಿ ಮ್ಯಾಂಚೆಸ್ಟರಿನ ಟ್ರ್ಯಾಕ್‌ನಲ್ಲಿ ಕೈ ಮುಂದಕ್ಕೆ ಚಾಚಿ, ಹೆಚ್ಚುಕಡಿಮೆ ಮಲಗಿದಂತೆ ತುಳಿದು ಒಂದು ಗಂಟೆಯಲ್ಲಿ 56.375 ಕಿ.ಮೀ. ಮುಗಿಸಿದ. ಆಮೇಲೆ ಆ ಭಂಗಿ ಕೂಡದೆಂದರು. 1972ರಲ್ಲಿ ಎಡ್ಡಿ ಮೆರ್ಕ್ಸ್ ಓಡಿಸಿದಂಥ ಹಳೆಯ ಮಾದರಿಯ ಸೈಕಲ್ಲೇ ಆಗಬೇಕೆಂದರು. 2000ದಲ್ಲಿ ಅದೇ ಊರಿನಲ್ಲಿ ಅದೇ ಮನುಷ್ಯ ಹಾಗೆ ತುಳಿದದ್ದು 49.441 ಕಿ.ಮೀ. ವಯಸ್ಸು ನಾಲ್ಕು ವರ್ಷ ಏರಿತ್ತು, ಸರಿ. ಆದರೂ ಗಂಟೆಗೆ ಸುಮಾರು ಏಳು ಕಿ.ಮೀ.!

ಜಗತ್ತಿನ ದಾಖಲೆ ಮಾಡಿದವನಿಗೇ ಹಾಗಾದರೆ ನನ್ನ ನಾಲ್ಕಕ್ಕೆ ಬೇಸರಪಡಬೇಕಾಗಿಲ್ಲ. ಮನಸ್ಸು ಹಗುರಾಯಿತು.

ಡಿಸೆಂಬರ್ 13, ಶನಿವಾರ

ಸೈಕಲ್ ಅಂಗಡಿಗೆ ಹೋದೆ. ಎಂಟಿಬಿಗೆ ಬಟನ್ ತೆಗೆದು ನಯವಾದ ಟೈರು ಹಾಕಿಸಿದೆ, ಒಂದೂವರೆ ಇಂಚಿನದು. ಅಂಗಡಿಯವರು ಮೊದಲು ಬೇಡವೆಂದರು. "ಮೇಡಂ, ಲುಕ್ ಹೋಗ್ಬಿಡುತ್ತೆ." ನೋಟ ಯಾರಿಗೆ ಬೇಕು. 65 ಪಿಎಸ್ಐ ಗಾಳಿ ಹೊಡೆಸಿದೆ. ಮುಂದಿನ ಸಸ್ಪೆನ್ಷನ್ ಲಾಕ್ ಮಾಡುವುದನ್ನೂ ತೋರಿಸಿದರು. ನಿಂತು ತುಳಿದಾಗ ಅದು ತಲೆಬಾಗುತ್ತಿತ್ತು, ಬಲ ಅಲ್ಲೇ ಸೋರುತ್ತಿತ್ತು.

ಈ ಜಾತಿಯ ಸೈಕಲ್ ಹುಟ್ಟಿದ್ದೇ 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಮಣ್ಣಿನ ಇಳಿಜಾರಿನಲ್ಲಿ. ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುತ್ತಿದ್ದರು. ನಮ್ಮಲ್ಲಿ ಅದನ್ನೇ ಕಾಲೇಜಿಗೆ, ಟ್ಯೂಷನ್ನಿಗೆ, ಬ್ಯಾಂಕಿಗೆ ಹೋಗುವವರಿಗೆ ಮಾರುತ್ತಾರೆ. ಮಕ್ಕಳು ಆ ಭಾರದ ಸಸ್ಪೆನ್ಷನ್ ಹೊತ್ತು ಡಾಂಬರಿನ ಮೇಲೆ ಏದುಸಿರು ಬಿಡುವುದನ್ನು ಕಂಡರೆ ಸಂಕಟವಾಗುತ್ತದೆ. ಅವರಿಗೆ ಯಾರಾದರೂ ಹೇಳಬೇಕು.

ಡಿಸೆಂಬರ್ 21, ಭಾನುವಾರ

ಅದೇ ದಾರಿ, ಅದೇ 135. ಹೊಸ ಟೈರು ಹಾಕಿದ ಎಂಟಿಬಿ: 21.6.

ನಾಲ್ಕು ಚಿಲ್ಲರೆಯ ಅಂತರದಲ್ಲಿ ಸುಮಾರು ಎರಡು ಟೈರಿನದೇ! ಉಳಿದದ್ದರಲ್ಲಿ ಬಹುಪಾಲು ಬೆನ್ನಿನದು. ಇವರಿಗೆ ಹೇಳಿದೆ. "ಎರಡು ಕಿಲೋಮೀಟ್ರಿಗೆ ಇಷ್ಟು ಸಂಭ್ರಮವಾ?" ಅಂದರು. ಹೌದು, ಇಷ್ಟು ಸಂಭ್ರಮ.

ಡಿಸೆಂಬರ್ 28, ಭಾನುವಾರ

ರೋಡ್ ಬೈಕಿನಲ್ಲಿ ಸುತ್ತೂರಿನ ಕಡೆ ಒಳದಾರಿ ಹಿಡಿದೆ. ಡಾಂಬರು ಚೆನ್ನಾಗಿಯೇ ಇದೆ, ಆದರೆ ಊರೂರಿಗೂ ರಾಗಿ ಒಕ್ಕಣೆ. ರಸ್ತೆಯುದ್ದಕ್ಕೂ ಹುಲ್ಲು ಹರಡಿ ವಾಹನ ಹತ್ತಲಿ ಎಂದು ಬಿಟ್ಟಿದ್ದಾರೆ. ಕಾರು, ಟ್ರ್ಯಾಕ್ಟರು ಹತ್ತಿ ಹೋಗುತ್ತವೆ. ನನ್ನ ಸಣ್ಣ ಟೈರು ಜಾರಿತು. ಹುಲ್ಲು ಚೈನಿಗೂ ಹಿಂದಿನ ಗೇರಿಗೂ ಸುತ್ತಿಕೊಂಡಿತು. ಇಳಿದು ಬಿಡಿಸುತ್ತಾ ಕೂತೆ. ಮೊರದಲ್ಲಿ ತೂರುತ್ತಿದ್ದ ಅಜ್ಜಿ ಬಂದು ನಿಂತರು. "ದಪ್ಪ ಚಕ್ರದ್ದು ತರಬಾರ್ದಾ ಮಗ" ಎಂದರು. ನೀರು ಕೊಟ್ಟರು.

ಅಲ್ಲಿಂದ ಮುಂದೆ ಊರಿನ ಎರಡು ತುದಿಗೂ ಹಂಪು, ಒಂದಕ್ಕೂ ಬಿಳಿ ಬಣ್ಣವಿಲ್ಲ. ಒಂದು ಕಡೆ ಪೈಪಿಗೆ ಅಗೆದು ಜಲ್ಲಿ ತುಂಬಿಸಿ ಬಿಟ್ಟಿದ್ದಾರೆ. ಪ್ರತಿಯೊಂದಕ್ಕೂ ಬ್ರೇಕ್ ಹಿಡಿದು ಮತ್ತೆ ಸೊನ್ನೆಯಿಂದ ತುಳಿಯಬೇಕು. ತಳ್ಳಿ ನಡೆದದ್ದೂ ಸೇರಿ ಸರಾಸರಿ 18. ಎಂಟಿಬಿಯಲ್ಲಿ ಇದೇ ದಾರಿಗೆ ಇದಕ್ಕಿಂತ ಕಡಿಮೆ ಬಂದದ್ದು ನೆನಪಿಲ್ಲ.

ಸೂತ್ರದಲ್ಲಿ ರಾಗಿ ಹುಲ್ಲಿಗೆ ಜಾಗವಿಲ್ಲ. ಡಾಂಬರು ರಸ್ತೆಯ ವೇಗ ಎಂದು ಬರೆಯುತ್ತಾ ಬಂದೆನಲ್ಲ, ಯಾವ ಡಾಂಬರು?

ಜನವರಿ 1, ಗುರುವಾರ

ಎಡಗೈಯ ಕಿರುಬೆರಳು, ಉಂಗುರಬೆರಳು ಜೋಮು. ಮೊನ್ನೆಯಿಂದ ಹಾಗೆಯೇ. ರೋಡ್ ಬೈಕಿನಲ್ಲಿ ಬಾಗಿದರೆ ಮೈಭಾರವೆಲ್ಲ ಅಂಗೈಗೆ ಬೀಳುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದೆಂದು ಪುಟ್ಟಿ ಹೇಳಿದಳು. ಅವಳಿಗೆ 24. ನೋಟು ಎಣಿಸುವಾಗ ಬೆರಳು ತಡವರಿಸಿದ್ದು ಇಷ್ಟವಾಗಲಿಲ್ಲ.

ಜನವರಿ 4, ಭಾನುವಾರ

ಗುಂಪಿನ ಜೊತೆ ನಂಜನಗೂಡಿಗೆ. ಬೇಕೆಂದೇ ಎಂಟಿಬಿ ತೆಗೆದುಕೊಂಡೆ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಮುಂದಿನವರ ಚಕ್ರಕ್ಕೆ ಅಂಟಿಕೊಂಡೆ, ಒಂದು ಮಾರಿಗಿಂತ ಹಿಂದುಳಿಯದ ಹಾಗೆ. ಗಾಳಿ ಸೀಳುವ ಕೆಲಸ ಅವರದು. 25ರಲ್ಲಿ ಹೋಗುತ್ತಿದ್ದರು, ನಾನೂ ಹೋದೆ. ಕಡಕೊಳದಲ್ಲಿ ಲಾರಿ ಅಡ್ಡ ಬಂದು ನಡುವೆ ಅಂತರ ಬಿತ್ತು. ಒಂಟಿಯಾದ ಕೂಡಲೇ 21. ಮುಂದೆ ಹೋದವರ ಬೆನ್ನು ನೋಡುತ್ತಾ ತುಳಿದೆ. ಅಳು ಬರುವ ಹಾಗಾಯಿತು, ಯಾಕೆಂದು ಈಗಲೂ ಗೊತ್ತಿಲ್ಲ.

ಕಪಿಲಾ ಸೇತುವೆಯ ಹತ್ತಿರ ಕಾಯುತ್ತಿದ್ದರು. ಈ ಸಲ ಕಾಫಿ ಒಟ್ಟಿಗೇ ಕುಡಿದೆವು.

ಜನವರಿ 7, ಬುಧವಾರ

200 ಕಿ.ಮೀ. ಬಿಆರ್‌ಎಂ ಮಾಡಬೇಕೆಂಬುದು ಹಳೆಯ ಆಸೆ. ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ ಅದು, ಹದಿಮೂರೂವರೆ ಗಂಟೆ ಸಮಯ. ಊಟ, ಪಂಕ್ಚರ್, ಸುಸ್ತು ಎಲ್ಲ ಅದರೊಳಗೇ. ಇಂಥದೇ ಸೈಕಲ್ ಬೇಕೆಂದು ನಿಯಮವಿಲ್ಲ.

ಬಟನ್ ಟೈರಿನ 19.8ರಲ್ಲಿ ಹೋದರೆ ಹತ್ತು ಗಂಟೆ ದಾಟುತ್ತದೆ, ವಿಶ್ರಾಂತಿಗೆ ಮೂರೂ ಕಾಲು ಗಂಟೆ ಚಿಲ್ಲರೆ. ನಯವಾದ ಟೈರಿನಲ್ಲಿ ಒಂಬತ್ತೂ ಕಾಲು, ಉಳಿಯುವುದು ನಾಲ್ಕೂ ಕಾಲು. ರೋಡ್ ಬೈಕಾದರೆ ಎಂಟು ಗಂಟೆ ಇಪ್ಪತ್ತು ನಿಮಿಷ, ಉಳಿಯುವುದು ಐದು ಗಂಟೆಗೂ ಹೆಚ್ಚು. ಇಡೀ ದಿನ ಅದೇ ವೇಗ ಕಾಯುವುದು ಕಷ್ಟ, ನೂರರ ನಂತರ ನನ್ನ ಕಾಲು ಏನು ಹೇಳುತ್ತದೋ. ದೂರದ ದಾರಿಯಲ್ಲಿ ವೇಗ ಎಂದರೆ ಮರದಡಿ ಕೂರಲು ಸಿಗುವ ಸಮಯ. ಅಷ್ಟಕ್ಕೆ ನಾಲ್ಕೂ ಕಾಲು ಗಂಟೆ ಸಾಲದೇ? ಜೋಮು ಹಿಡಿದ ಕೈಯಲ್ಲಿ ಐದು ಗಂಟೆ ವಿಶ್ರಾಂತಿ ಪಡೆದು ಏನು ಮಾಡಲಿ?

ಆದರೂ ಆ ಮೊದಲ ಬೆಳಗಿನ ಓಟ ಮರೆಯಲಾಗುತ್ತಿಲ್ಲ. ಮತ್ತೆ ಹತ್ತಿದರೆ ಮನಸ್ಸು ಬದಲಾಗಬಹುದೆಂಬ ಅಂಜಿಕೆ ಇದೆ.

ಜನವರಿ 9, ಶುಕ್ರವಾರ

ಪುಟ್ಟಿಗೆ ಮನೆ ಸಿಕ್ಕಿದೆ. ನಾಳೆ ಬಂದು ರೋಡ್ ಬೈಕ್ ಒಯ್ಯುತ್ತಾಳೆ. ಚೈನು ಒರೆಸಿ ಎಣ್ಣೆ ಬಿಟ್ಟೆ, ಸೀಟು ಅವಳ ಅಳತೆಗೆ ಏರಿಸಿದೆ. 200ಕ್ಕೆ ಎಂಟಿಬಿಯಲ್ಲೇ ಹೆಸರು ಕೊಟ್ಟಿದ್ದೇನೆ.