ತಂತಿಯ ತ್ರಾಣ

ಬಲವನ್ನು ಬಯಸುವುದು ಯೌವನದ ಸಹಜಧರ್ಮ. ಆ ಬಲವು ಯಾವ ದಾರಿಯಾಗಿ ಬರತಕ್ಕದ್ದು, ಅದನ್ನು ಹೊರುವ ತ್ರಾಣ ಆ ದಾರಿಗೆ ಉಂಟೆ ಎಂದು ವಿಚಾರಿಸುವುದು ವಿವೇಕದ ಧರ್ಮ. ಇವೆರಡೂ ಒಂದೇ ವಯಸ್ಸಿನಲ್ಲಿ ಒಬ್ಬನಲ್ಲಿಯೇ ಕೂಡಿಬರುವುದು ಅಪೂರ್ವ. ಚಿಕ್ಕಮಗಳೂರಿನ ಒಂದು ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ.

ಆ ಮನೆಯ ಮಗನಿಗೆ ಮೋಟಾರು ಕಾರುಗಳಲ್ಲಿ ವಿಶೇಷವಾದ ಆಸಕ್ತಿ. ತಂದೆಯ ಕಾಲದ ಕಾರಿನ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಬರುವಂತೆ ಅವನು ಕೆಲವು ಮಾರ್ಪಾಟುಗಳನ್ನು ಮಾಡಿಸಿದನು. ಶಕ್ತಿ ಹೆಚ್ಚಿದ ಎಂಜಿನ್ನು ಪೆಟ್ರೋಲನ್ನೂ ಹೆಚ್ಚಾಗಿಯೇ ಬೇಡುವುದಷ್ಟೆ. ಆದುದರಿಂದ ಟ್ಯಾಂಕಿನೊಳಗಿನ ಪಂಪನ್ನು ತೆಗೆದು, ಅದಕ್ಕಿಂತ ದೊಡ್ಡದನ್ನು ಕೂಡಿಸಿದನು. ಹಳೆಯ ಪಂಪಿಗೆ 5 ಆಂಪಿಯರ್ ವಿದ್ಯುತ್ತು ಸಾಕಾಗಿತ್ತು. ಹೊಸದಕ್ಕೆ 12 ಆಂಪಿಯರ್ ಬೇಕಾಯಿತು. ತಂತಿ ಮಾತ್ರ ಹಳೆಯದೇ ಉಳಿಯಿತು. ಹೊಸ ಪಂಪಿನ ತುದಿಯನ್ನು ಅದಕ್ಕೆ ಕೈಯಿಂದಲೇ ಹೆಣೆದು ಟೇಪು ಸುತ್ತಿದನು. 10 ಆಂಪಿಯರಿನ ಫ್ಯೂಜು ಎರಡು ಸಲ ಸುಟ್ಟುಹೋಯಿತು. ಆ ಪೀಡೆಯೇ ಬೇಡವೆಂದು 30 ಆಂಪಿಯರಿನದನ್ನು ಸಿಕ್ಕಿಸಿದನು. ಅದು ಸುಡಲಿಲ್ಲ. ಕಾರು ಬಾಣದಂತೆ ಓಡಿತು. ಮನೆಯವರೆಲ್ಲರೂ ಮೆಚ್ಚಿದರು.

ತಿಂಗಳೊಂದು ಕಳೆಯಿತು. ತಾಯಿಯನ್ನೂ ಅಕ್ಕನ ನಾಲ್ಕು ವರ್ಷದ ಮಗುವನ್ನೂ ಧರ್ಮಸ್ಥಳದಿಂದ ಕರೆತರುವಾಗ, ಚಾರ್ಮಾಡಿ ಘಾಟಿಯ ಏರಿನಲ್ಲಿ ಎಂಜಿನ್ನು ಬಿಕ್ಕತೊಡಗಿತು. ಹಿಂದಿನ ಆಸನದಲ್ಲಿದ್ದ ತಾಯಿ, “ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲೋ, ನಿಲ್ಲಿಸು” ಎಂದರು. ಅವನು ಕೂಡಲೆ ಕೀಲಿ ತಿರುಗಿಸಿ ನಿಲ್ಲಿಸಿದನು. ಮಗುವನ್ನೆತ್ತಿಕೊಂಡು ಎಲ್ಲರೂ ದೂರ ಸರಿದರು. ಬಹಳ ಹೊತ್ತಿನ ಮೇಲೆ ಆಸನವನ್ನೆತ್ತಿ ನೋಡಲಾಗಿ, ಹೆಣೆದ ಸಂದಿನಲ್ಲಿ ಹೊದಿಕೆ ಕರಗಿ ತಾಮ್ರವು ಬರಿದಾಗಿತ್ತು. ಅದರಿಂದ ಒಂದು ಗೇಣು ಕೆಳಗೆ ಪೆಟ್ರೋಲಿನ ಟ್ಯಾಂಕು. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲಿನ ಆವಿಯು ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲುದು. ಗಾಳಿಗಿಂತ ಭಾರವಾದ ಆ ಆವಿಯು ತಗ್ಗಿನಲ್ಲಿಯೇ ಮಡುಗಟ್ಟುವುದು. ಮಗು ಕುಳಿತಿದ್ದುದು ಅಲ್ಲಿಯೇ.

ವಿಷಯ ತಿಳಿದು ಬಂದವರು ಅವನ ಸೋದರಮಾವ. ವಿದ್ಯುತ್ತಿನ ಕೆಲಸದಲ್ಲಿಯೇ ಆಯುಸ್ಸನ್ನು ಸವೆಸಿ ನಿವೃತ್ತರಾದವರು. ಬೈಯಲಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, “ಫ್ಯೂಜು ಯಾರನ್ನು ಕಾಯುತ್ತದಪ್ಪ?” ಎಂದು ಕೇಳಿದರು.

“ಪಂಪನ್ನು, ಮಾವ.”

“ಅಲ್ಲ, ತಂತಿಯನ್ನು. ಎರಡು ಸಲ ತಾನು ಸುಟ್ಟು ನಿನ್ನನ್ನು ಎಚ್ಚರಿಸಿತು. ನೀನು ಅದರ ಬಾಯಿ ಕಟ್ಟಿದೆ.”

ಬಳಿಕ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಹರಿವಿನ ವರ್ಗಕ್ಕೆ ಅನುಗುಣವಾಗಿ ತಂತಿಯಲ್ಲಿ ಕಾವು ಹುಟ್ಟುವುದೆಂದು ಜೂಲ್ ಎಂಬ ವಿಜ್ಞಾನಿಯು 1841ರಲ್ಲಿಯೇ ಪ್ರಕಟಿಸಿದ್ದನು. ಒಂದು ಚದರ ಮಿಲಿಮೀಟರ್ ದಪ್ಪದ 5 ಮೀಟರ್ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದಾಗ ಸುಮಾರು 2 ವ್ಯಾಟಿನ ಕಾವು. 12 ಆಂಪಿಯರ್ ಹರಿದಾಗ 12 ವ್ಯಾಟು. ಹರಿವು ಎರಡೂವರೆ ಪಾಲೂ ಆಗಲಿಲ್ಲ. ಕಾವು ಆರು ಪಾಲಿಗೆ ಸಮೀಪಿಸಿತು. ಉದ್ದದ ತಂತಿಯಲ್ಲಿ ಆ ಕಾವು ಹರಡಿಹೋಗುವುದು. ಸಡಿಲವಾದ ಸಂದಿನಲ್ಲಿಯಾದರೋ ಅಷ್ಟೇ ಕಾವು ಹೆಬ್ಬೆರಳಿನಷ್ಟು ಜಾಗದಲ್ಲಿ ಹುಟ್ಟಬಹುದು. ತಂತಿಯಲ್ಲಿ ಒಂದು ವೋಲ್ಟು, ಸಂದಿನಲ್ಲಿ ಮತ್ತೊಂದು ವೋಲ್ಟು ದಾರಿಯಲ್ಲಿಯೇ ವ್ಯಯವಾಗಿ ಪಂಪು ಸೊರಗಿತು. ಏರಿನಲ್ಲಿ ಎಂಜಿನ್ನು ಬಿಕ್ಕಿದ್ದು ಅದರಿಂದಲೇ.

ಎರಡು ದಿನ ಮಾವನೂ ಅಳಿಯನೂ ಕೂಡಿ ಕೆಲಸ ಮಾಡಿದರು. ಬ್ಯಾಟರಿಯಿಂದ ನೇರವಾಗಿ 4 ಚದರ ಮಿಲಿಮೀಟರಿನ ತಂತಿಯನ್ನು ತಂದರು. ಬ್ಯಾಟರಿಗೆ ಗೇಣಿನೊಳಗೆ 20 ಆಂಪಿಯರಿನ ಫ್ಯೂಜನ್ನಿಟ್ಟರು. ಫ್ಯೂಜಿಗೆ ಮುಂಚಿನ ತಂತಿಗೆ ಕಾವಲಿಲ್ಲವಾದುದರಿಂದ ಆ ಭಾಗವು ಎಷ್ಟು ಗಿಡ್ಡವಾದರೆ ಅಷ್ಟು ಕ್ಷೇಮ. ನಡುವೆ ರಿಲೇಯೊಂದನ್ನು ಕೂಡಿಸಿ, ಹಳೆಯ ತಂತಿಗೆ ಅಪ್ಪಣೆ ಕೊಡುವ ಕೆಲಸವನ್ನು ಮಾತ್ರ ಉಳಿಸಿದರು. ಅರ್ಥಿನ ತಂತಿಯನ್ನೂ ಅಷ್ಟೇ ದಪ್ಪದ್ದನ್ನಾಗಿ ಮಾಡಿ, ಬಣ್ಣ ಕೆರೆದ ಲೋಹಕ್ಕೆ ಬಿಗಿದರು. ತಗಡನ್ನು ಹಾಯುವಲ್ಲೆಲ್ಲ ರಬ್ಬರಿನ ಬಳೆ. ಟ್ಯಾಂಕಿನ ಮುಚ್ಚಳದಲ್ಲಿ 12 ಆಂಪಿಯರನ್ನು ತಡೆಯಬಲ್ಲ ಜೋಡಣೆ. ಅದರೊಳಗೆ ಪೆಟ್ರೋಲಿಗೆ ಕರಗದ ಹೊದಿಕೆಯ ತಂತಿ. ಕಾರು ಎಲ್ಲಿಯಾದರೂ ಡಿಕ್ಕಿ ಹೊಡೆದರೆ ಪಂಪು ತಾನಾಗಿಯೇ ನಿಲ್ಲುವಂತೆ ಒಂದು ಸ್ವಿಚ್ಚನ್ನೂ ಸೇರಿಸಿದರು. ಕೊನೆಗೆ ಅರ್ಧ ಗಂಟೆ ಎಂಜಿನ್ನನ್ನು ನಡೆಸಿ, ಮಾವನವರು ಒಂದೊಂದು ಸಂದನ್ನೂ ಅಳಿಯನ ಕೈಯಿಂದಲೇ ಮುಟ್ಟಿಸಿ ನೋಡಿಸಿದರು. ಎಲ್ಲಿಯೂ ಬಿಸಿಯಿರಲಿಲ್ಲ.

ಪಂಪು ಈಗಲೂ ಅದೇ, ವೇಗವೂ ಅದೇ. ತಾಯಿಗೆ ಆಂಪಿಯರ್ ಗೊತ್ತಿಲ್ಲ, ವೋಲ್ಟು ಗೊತ್ತಿಲ್ಲ. ಆದರೂ ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡು, “ತಂತಿ ಮುಟ್ಟಿ ನೋಡಿದೆಯೇನೋ?” ಎಂದು ಕೇಳುವುದನ್ನು ಅವರು ಮರೆಯುವುದಿಲ್ಲ. ನೋಡಿದ ಹೊರತು ಅವನೂ ಕೀಲಿ ತಿರುಗಿಸುವುದಿಲ್ಲ.