ಸದ್ದು ಮಾಡಬೇಡಿ, ಮ್ಯಾಚ್ ನಡೀತಿದೆ

ಭಾನುವಾರ ಬೆಳಗ್ಗೆ 7 ಗಂಟೆಗೆ ದಕ್ಷಿಣ ಬೆಂಗಳೂರಿನ ಈ ಮೈದಾನದಲ್ಲಿ ನಾಲ್ಕೈದು ತಂಡಗಳು ಕ್ರಿಕೆಟ್ ಆಡ್ತಿರ್ತವೆ. ಒಂದು ಮೂಲೆಯಲ್ಲಿ ಮಾತ್ರ ಕೂಗಾಟ ಇಲ್ಲ. ಬೌಲರ್ ‘ರೆಡಿ?’ ಅಂತಾನೆ. ಬ್ಯಾಟ್ ಹಿಡಿದವನು ‘ಯೆಸ್’ ಅಂತಾನೆ. ‘ಪ್ಲೇ’ ಅನ್ನುತ್ತಲೇ ಚೆಂಡು ಗಲಗಲ ಅಂತ ನೆಲಕ್ಕೇ ಅಂಟಿಕೊಂಡು ಬರುತ್ತೆ. ಹುಡುಗ ಮಂಡಿಯೂರಿ, ಬ್ಯಾಟನ್ನು ಅಡ್ಡ ಬೀಸಿ ಸ್ವೀಪ್ ಹೊಡೀತಾನೆ. ಇದು ಅಂಧರ ಕ್ರಿಕೆಟ್. ಆಡ್ತಿರೋರು ಹೈಸ್ಕೂಲು, ಪಿಯುಸಿ ಮಕ್ಕಳು.

ಪ್ಲಾಸ್ಟಿಕ್ ಚೆಂಡಿನೊಳಗೆ ಸಣ್ಣ ಲೋಹದ ಗುಂಡುಗಳಿರ್ತವೆ. ಬೌಲಿಂಗ್ ಕೈ ಕೆಳಗಿಂದಲೇ. ಪಿಚ್ಚಿನ ಅರ್ಧ ದಾಟುವ ಮೊದಲೇ ಚೆಂಡು ನೆಲ ಮುಟ್ಟಬೇಕು. ಹನ್ನೊಂದರಲ್ಲಿ ಕನಿಷ್ಠ 4 ಮಂದಿ ಪೂರ್ತಿ ಕಾಣದವರು, ಅಂದರೆ ಬಿ1. ಅವರು ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ರಿಯಾಯಿತಿ ಅಂದುಕೊಳ್ಳಬೇಡಿ, ಕಣ್ಣು ಮುಚ್ಚಿಕೊಂಡು ಒಂದೇ ಒಂದು ಬಾಲ್ ಆಡಿ ನೋಡಿ ಸಾಕು.

ಈ ಆಟಕ್ಕೂ ನಮ್ಮೂರಿಗೂ ಹಳೇ ನಂಟು. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ಬೆಂಗಳೂರಲ್ಲೇ ನಡೆದು, ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ ಗೆದ್ದಿತ್ತು. ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ಆದರೆ ಇಲ್ಲಿನ ಮಕ್ಕಳೆಲ್ಲ ವಿಶ್ವಕಪ್ಪಿಗೆ ಹೋಗೋದಿಲ್ಲ, ಹೋಗಬೇಕಾಗಿಯೂ ಇಲ್ಲ. ಹತ್ತನೇ ಕ್ಲಾಸಿನ ಒಬ್ಬ ಹುಡುಗನ ಹತ್ತಿರ ಮಾತಾಡಿದೆ. ಹಿಂದಿನ ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದರೆ ಅವನಿಗೆ ಮರದ ಕೆಳಗೆ ಎಲ್ಲರ ಬ್ಯಾಗು ಕಾಯುವ ಕೆಲಸವಂತೆ. ಬಿದ್ದುಬಿಡ್ತಾನೆ ಅನ್ನೋ ಭಯ ಟೀಚರಿಗೂ, ಅಮ್ಮನಿಗೂ. ಇಲ್ಲಿ ಅವನು ದಿನಕ್ಕೆ ಹತ್ತು ಸಲ ಬೀಳ್ತಾನೆ. ಬಿದ್ದು ಏಳೋದು ಕಲಿತ ಮೇಲೆ ಕೋಲು ಹಿಡಿದು ಒಬ್ಬನೇ ಬಸ್‌ಸ್ಟಾಪಿಗೆ ಹೋಗೋ ಧೈರ್ಯ ಬಂತಂತೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ ಅಂತಲೂ ಸೇರಿಸಿದ. ಕೂತಲ್ಲೇ ಕೂರುವ ಮಕ್ಕಳಿಗೆ ನಿದ್ದೆ, ಮೈಯ ಸಮತೋಲನ ಕೈಕೊಡಬಹುದು. ಅದನ್ನು ನಾವು ಕಣ್ಣಿನ ದೋಷದ ಖಾತೆಗೇ ಬರೆದುಬಿಡ್ತೀವಿ. ಆಟಕ್ಕೂ ಎಲ್ಲರಷ್ಟೇ ಅವಕಾಶ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಲೆಗಳಿಗೆ ಹೇಳಿದೆ. ಬ್ಯಾಗು ಕಾಯೋದು ಅದರಲ್ಲಿ ಎಲ್ಲೂ ಇಲ್ಲ.

ಮೈದಾನದ ಆ ತುದಿಯಲ್ಲಿ ಕಿವಿ ಕೇಳದ ಇಬ್ಬರು ಹುಡುಗಿಯರು ಓಟದ ಪ್ರಾಕ್ಟೀಸ್ ಮಾಡ್ತಿದ್ರು. ಅವರಿಗೆ ವಿಷಲ್ ಇಲ್ಲ, ಕೋಚ್ ಕೆಂಪು ಬಟ್ಟೆ ಕೆಳಗಿಳಿಸಿದರೆ ಓಟ ಶುರು. 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಕಿವುಡರ ಒಲಿಂಪಿಕ್ಸ್‌ನಲ್ಲಿ ಈಗ ಇದೇ ಕೆಲಸವನ್ನು ದೀಪಗಳು ಮಾಡ್ತವೆ. ಒಂದು ಬಟ್ಟೆ ತುಂಡಿನ ಖರ್ಚಷ್ಟೇ!

ಕ್ರಿಕೆಟ್ಟಿನ ಮಕ್ಕಳಿಗೆ ಬೇಕಾದ್ದು ಅಷ್ಟು ಸುಲಭಕ್ಕೆ ಸಿಗೋದಿಲ್ಲ. ಅವರಿಗೆ ಬೇಕಾದ್ದು ಸದ್ದಿಲ್ಲದ ಜಾಗ. ಎಂಟೂವರೆಗೆ ಪಕ್ಕದ ತಂಡದವರು ಸ್ಪೀಕರಿನಲ್ಲಿ ಹಾಡು ಹಾಕಿದರು, ರಸ್ತೆಯಲ್ಲಿ ಹಾರ್ನ್ ಜೋರಾಯ್ತು. ಚೆಂಡಿನ ಗಲಗಲ ಮುಳುಗಿಹೋಯ್ತು. ಮಕ್ಕಳು ಬ್ಯಾಟು ಕೆಳಗಿಟ್ಟು ಕಾದರು. ಕೋಚ್ ಹೋಗಿ ಕೇಳಿಕೊಂಡ ಮೇಲೆ ಹಾಡು ನಿಂತಿತು, ಹಾರ್ನ್ ನಿಲ್ಲಲಿಲ್ಲ.

ನೀವು ಇಂಥ ಮೈದಾನಕ್ಕೆ ಹೋದರೆ ಫೋನ್ ಸೈಲೆಂಟಲ್ಲಿಡಿ. ಬಾಲ್ ಬರುವಾಗ ಚಪ್ಪಾಳೆ ಬೇಡ, ಶಾಟ್ ಮುಗಿದ ಮೇಲೆ ಎಷ್ಟು ಬೇಕಾದರೂ ಹೊಡೀರಿ. ಚೆಂಡು ಪೊದೆಯಲ್ಲಿ ನಿಂತುಬಿಟ್ಟರೆ ಅದರ ಸದ್ದೂ ನಿಲ್ಲುತ್ತೆ. ಆಗ ಹುಡುಕಿಕೊಡಿ. ಎತ್ತಿ ಎಸೆಯಬೇಡಿ, ಒಮ್ಮೆ ಅಲ್ಲಾಡಿಸಿ ನೆಲದ ಮೇಲೆ ಉರುಳಿಸಿ, ಅವರೇ ಹಿಡಿದುಕೊಳ್ತಾರೆ.