ಸಾವಿರದ ನೂರು ಎಕರೆಯ ಪಹಣಿ

2025ರ ಮಳೆಗಾಲ ಮುಗಿಯುವ ಹೊತ್ತು. ಒಂದು ಭಾನುವಾರ ಬೆಳಿಗ್ಗೆ ಕನಕಪುರ ಕಡೆಯಿಂದ ಒಬ್ಬ ಅಪ್ಪ, ಜೊತೆಗೆ ಅವರ ಮಗಳು ನಮ್ಮ ಕೋಣೆ ಹುಡುಕಿಕೊಂಡು ಬಂದರು. ಅಪ್ಪನ ಕೈಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಗಳ ಬಿ.ಎಸ್ಸಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ. ಎಲ್ಲಕ್ಕಿಂತ ಕೆಳಗೆ ನಾಲ್ಕು ಮಡಿಕೆ ಮಾಡಿದ ಪಹಣಿ.

"ಪಹಣಿ ಯಾಕೆ ತಂದ್ರಿ ಮಾವ?" ಅಂದೆವು.

"ಹುಡ್ಗಿ ಎಂ.ಎಸ್ಸಿ. ಓದ್ಬೇಕಂತೆ ಕಣಪ್ಪ. ಇಲ್ಲೇ ಸಿಟೀಲಿ ಒಂದು ಖಾಸಗಿ ಕಡೆ ವರ್ಷಕ್ಕೆ ಎರಡೂವರೆ ಲಕ್ಷ ಅಂದವ್ರೆ. ಓದಿದ್ ಕೂಡ್ಲೆ ಕೆಲ್ಸಾನೂ ಕೊಡುಸ್ತಾರಂತೆ. ಒಂದೆಕ್ರೆ ಹತ್ತು ಗುಂಟೆ ಐತಲ್ಲ, ಊರಲ್ಲೊಬ್ರು ಬರೆಸ್ಕಂಡು ದುಡ್ಡು ಕೊಡ್ತೀನಿ ಅಂದವ್ರೆ."

ಅದು ಅವರಪ್ಪನಿಗೆ ಸರ್ಕಾರದಿಂದ ಮಂಜೂರಾದ ಜಮೀನು. ಇಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಕೂಡದು ಎಂದು 1978ರ ಕಾಯ್ದೆ ಹೇಳುತ್ತದೆ. ಆದರೆ ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೆ ಕಾಯ್ದೆ ಯಾವ ಲೆಕ್ಕ? ಇನ್ನೊಂದು ಲೆಕ್ಕವನ್ನೂ ನೋಡಿ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ, ಕೇಂದ್ರದ 2021ರ ಮಾರ್ಗಸೂಚಿಯಂತೆ, ಇಡೀ ಕುಟುಂಬದ ವರ್ಷದ ಆದಾಯ ಎರಡೂವರೆ ಲಕ್ಷ ಮೀರಬಾರದು. ಆ ಕುಟುಂಬದ ಒಬ್ಬ ಹುಡುಗಿಗೆ ಒಂದು ವರ್ಷಕ್ಕೆ ಕೇಳಿದ ಫೀಸೂ ಎರಡೂವರೆ ಲಕ್ಷ.

"ಜ್ಞಾನಭಾರತಿಗೆ ಅರ್ಜಿ ಹಾಕಿದ್ದೀಯೇನಮ್ಮ?" ಅಂದೆವು.

"ಹಾಕಿದ್ದೀನಣ್ಣ. ಆದ್ರೆ ಎಲ್ರೂ ಬೇಡ ಅಂತಾರೆ. ಅಲ್ಲಿ ಮೇಷ್ಟ್ರಿಲ್ವಂತೆ, ರಿಸಲ್ಟು ಬರಲ್ವಂತೆ, ಕೇಳೋರೇ ಇಲ್ವಂತೆ. ನೀವು ಓದಿದೋರು, ನೀವೇ ಹೇಳಿ."

ನಾವು ಮುಖ ಮುಖ ನೋಡಿಕೊಂಡೆವು.

ಬಿಟಿಎಂ ಲೇಔಟಿನ ತಾವರೆಕೆರೆ ಕಡೆ, ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ನಾವು ಮೂವರಿದ್ದೇವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳನ್ನು ಮೂರು ಇಂಗ್ಲಿಷ್ ಅಕ್ಷರ ನುಂಗಿದ ಜಾಗ ಇದು. ದೇಶದ ಎಲ್ಲ ಕಡೆಯ ಹುಡುಗ ಹುಡುಗಿಯರು ಪಿ.ಜಿ.ಗಳಲ್ಲಿ ತುಂಬಿಕೊಂಡಿದ್ದಾರೆ. ಇಲ್ಲಿ ಜಾತಿ ಯಾರು ಕೇಳ್ತಾರೆ ಅಂತೀರಿ. ನಿಜ, ಜಾತಿ ಅಂತ ಯಾರೂ ಕೇಳಲಿಲ್ಲ. "ಏನ್ ಊಟ ಮಾಡ್ತೀರಿ? ಯಾವ ಪೈಕಿ?" ಅಂತ ಕೇಳಿದರು. ಏಳು ಮನೆ ಮೆಟ್ಟಿಲು ಇಳಿದ ಮೇಲೆ ಈ ಕೋಣೆ ಸಿಕ್ಕಿತು.

ಮೂವರೂ ಕೇರಿಯಿಂದ ಬಂದವರು. ಮೂವರೂ ಸರ್ಕಾರದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಯಾವುದು ಅಂತ ಹೆಸರು ಬೇಡ, ಮೂರೂ ಕಡೆಯ ಕಥೆ ಒಂದೇ. ಆದರೆ ಆ ಹುಡುಗಿಗೆ ಮೂರು ಬಾಯಿಂದ ಒಂದೇ ಉತ್ತರ ಹೊರಡಲಿಲ್ಲ.

ಕಂಪನಿಯಲ್ಲಿ ಲೆಕ್ಕ ಬರೆಯುವವನು ಮೊದಲು ಬಾಯಿಬಿಟ್ಟ. ಅವನಿಗೆ ಅಂಕಪಟ್ಟಿ ಸಿಗಲು ಎಂಟು ತಿಂಗಳಾಯಿತು. ಕಿಟಕಿಯಿಂದ ಕಿಟಕಿಗೆ ಅಲೆದ. ಕೈಗೆ ಬಂದಿದ್ದ ಕೆಲಸ ತಪ್ಪಿತು. "ಸಾಲ ಆದ್ರೂ ಸರಿ, ಖಾಸಗಿಗೇ ಹೋಗ್ಲಿ. ನಮ್ ಮಕ್ಳು ಎಷ್ಟು ದಿನ ಕ್ಯೂ ನಿಲ್ಬೇಕು?" ಅಂದ. ಅತಿಥಿ ಉಪನ್ಯಾಸಕನಾಗಿರುವವನು, "ಖಾಯಂ ಹುದ್ದೆ ಖಾಲಿ ಬಿಟ್ಟು ನಮ್ಮಂಥೋರಿಂದ ಕೆಲ್ಸ ತೆಗೀತಾರೆ. ನಾವು ಪಾಠ ಮಾಡೋದೋ, ಸಂಬಳ ಯಾವಾಗ ಅಂತ ಕಾಯೋದೋ?" ಅಂದ. ಇನ್ನೂ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇರುವವನು ಮಾತ್ರ, "ನಾನು ಮನುಷ್ಯ ಆಗಿದ್ದು ಅಲ್ಲೇ ಕಣವ್ವ" ಅಂದು ಸುಮ್ಮನಾದ.

ಆ ಮಾತಿಗೆ ನಮ್ಮ ಮೂವರ ನೆನಪೂ ಒಂದಾಯಿತು.

ಹಳ್ಳಿಯಲ್ಲಿ ನಮ್ಮನ್ನು ಅರಿಯದವರಿಲ್ಲ. ಬಾವಿ, ಹೋಟೆಲು, ದೇವಸ್ಥಾನದ ಮೆಟ್ಟಿಲು, ಎಲ್ಲದಕ್ಕೂ ನಾವು ಯಾರ ಮಕ್ಕಳೆಂದು ಗೊತ್ತು. ವಿಶ್ವವಿದ್ಯಾಲಯದ ಗೇಟು ದಾಟಿದ ಮೊದಲ ದಿನ ಸಾವಿರಾರು ಜನರ ನಡುವೆ ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಬೇರೆಯವರು ಅದನ್ನೇ ದೂರುತ್ತಾರೆ: ಅಷ್ಟು ದೊಡ್ಡ ಜಾಗದಲ್ಲಿ ನಮ್ಮನ್ನು ಕೇಳೋರಿಲ್ಲ ಅಂತ. ನಮಗೆ ಮಾತ್ರ ಕೇಳೋರಿಲ್ಲದ್ದೇ ಹಬ್ಬ. ಕ್ಯಾಂಟೀನಿನಲ್ಲಿ ಎಲ್ಲರ ಲೋಟದಲ್ಲೇ ಟೀ ಕುಡಿದೆವು. ಲೈಬ್ರರಿಯ ಬೆಂಚಿನ ಮೇಲೆ ಯಾರ ಪಕ್ಕ ಬೇಕಾದರೂ ಕೂತೆವು.

ಆ ಹಬ್ಬ ಬಹಳ ದಿನ ಉಳಿಯಲಿಲ್ಲ. ಒಂದು ದಿನ ಕ್ಲಾಸಿಗೆ ಒಂದು ಹಾಳೆ ಬಂತು. "ಎಸ್ಸಿ ಎಸ್ಟಿ ಹುಡುಗರು ಎದ್ದು ನಿಂತ್ಕೊಳ್ಳಿ, ಸ್ಕಾಲರ್‌ಶಿಪ್ ಲಿಸ್ಟು." ಎದ್ದು ನಿಂತೆವು. ನಿನ್ನೆ ತನಕ ನೋಟ್ಸು ಕೊಡುತ್ತಿದ್ದ ಗೆಳೆಯ ಅವತ್ತು ಕಣ್ಣು ತಪ್ಪಿಸಿದ. ಆ ಸ್ಕಾಲರ್‌ಶಿಪ್ ಬಂದದ್ದು ಪರೀಕ್ಷೆ ಮುಗಿದ ಮೇಲೆ. ಅವಮಾನ ಮಾತ್ರ ಅವತ್ತೇ ಬಟವಾಡೆಯಾಯಿತು.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಮುದ್ದೆ ಮುರಿಯುವಾಗ ಗೊತ್ತಾಯಿತು, ಬೇರೆ ಬೇರೆ ಕ್ಲಾಸಿನಲ್ಲಿ ನಮ್ಮ ಹಾಗೆ ಎದ್ದು ನಿಂತವರು ಎಷ್ಟು ಜನ ಅಂತ. ಒಂಟಿಯಾಗಿ ನಿಂತವರು ಅಲ್ಲಿ ಗುಂಪಾದೆವು. ಮಾರನೇ ವಾರ ಅರ್ಜಿ ಬರೆದು ನಲವತ್ತು ಜನ ಸಹಿ ಹಾಕಿದೆವು. ಆಮೇಲೆ ಆ ಹಾಳೆ ಕ್ಲಾಸಿಗೆ ಬರಲಿಲ್ಲ. ನಾವು 'ನಾವು' ಅನ್ನೋದನ್ನು ಕಲಿತದ್ದು ಹಾಗೆ.

ಇದೇನೂ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಅದರ ಜ್ಞಾನಭಾರತಿ ಆವರಣ ಶುರುವಾದದ್ದು 1973ರಲ್ಲಿ. ಅದೇ 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬರ್ಥದ ಮಾತಾಡಿ ಮಂತ್ರಿಗಿರಿ ಕಳೆದುಕೊಂಡರು. ಆಗ ಏಟು ತಿಂದವರು ಹಾಸ್ಟೆಲಿನ ದಲಿತ ಹುಡುಗರು. ದಲಿತ ಸಂಘರ್ಷ ಸಮಿತಿಯ ಬೇರು ಆ ಏಟಿನಲ್ಲೇ ಇದೆ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಬೆಳೆದ ಸಿದ್ಧಲಿಂಗಯ್ಯ ಇದೇ ವಿಶ್ವವಿದ್ಯಾಲಯದಲ್ಲಿ ಓದಿ ಇಲ್ಲೇ ಕನ್ನಡ ಪ್ರಾಧ್ಯಾಪಕರಾದರು. ನೇಕಾರರ ಮನೆಯಿಂದ ಬಂದ ಡಿ.ಆರ್. ನಾಗರಾಜ್ ಕೂಡ ಇಲ್ಲೇ ಪಾಠ ಹೇಳಿದರು.

ಹಾಗಂತ ಇದು ಸ್ವರ್ಗವಲ್ಲ. 2016ರ ಜನವರಿಯಲ್ಲಿ ರೋಹಿತ್ ವೇಮುಲನನ್ನು ನಾವು ಕಳೆದುಕೊಂಡದ್ದು ಹೈದರಾಬಾದಿನ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲೇ. ಇದನ್ನೆಲ್ಲ ಆ ಹುಡುಗಿಗೆ ಮುಚ್ಚಿಡಲಿಲ್ಲ.

"ಒಂದ್ಸಲ ಕಣ್ಣಾರೆ ನೋಡ್ಬಿಡಿ ಮಾವ, ಆಮೇಲೆ ಹೆಬ್ಬೆಟ್ಟು ಒತ್ತೀರಂತೆ" ಅಂದೆವು. ಮಾರನೇ ದಿನ ಬೆಳಿಗ್ಗೆಯೇ ಹೊರಟೆವು. ಬಿಟಿಎಂ ಲೇಔಟಿಗೂ ಆಗಸ್ಟಿನಲ್ಲಿ ಮೆಟ್ರೋ ಬಂದಿತ್ತು. ಆದರೂ ಬಸ್ಸನ್ನೇ ಹತ್ತಿದೆವು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಕಾಸಿಲ್ಲ, ಮೆಟ್ರೋದಲ್ಲಿ ಆ ಮಾತಿಲ್ಲ. ಹುಡುಗಿ ದಿನಾ ಓಡಾಡಬೇಕಾದ ದಾರಿಯ ಲೆಕ್ಕವನ್ನೂ ಅಪ್ಪ ನೋಡಬೇಕಲ್ಲ. ಬನಶಂಕರಿ, ನಾಯಂಡಹಳ್ಳಿ ದಾಟಿ, ಬಸ್ಸು ಬದಲಿಸಿ, ಜ್ಞಾನಭಾರತಿ ಗೇಟಿನಲ್ಲಿ ಇಳಿದೆವು.

ಒಳಗೆ ನಡೆದಷ್ಟೂ ಮರಗಳು. ಅಪ್ಪ ಒಂದು ಕಡೆ ನಿಂತು, ಹೊಲ ಅಳೆಯುವವರ ಹಾಗೆ ಸುತ್ತ ನೋಡಿದರು.

"ಎಷ್ಟೆಕ್ರೆ ಐತಪ್ಪ ಇದು?"

"ಸಾವಿರದ ನೂರು ಎಕರೆ ಮೇಲಿದೆ ಮಾವ."

"ಯಾರ್ದು?"

"ಸರ್ಕಾರದ್ದು. ಅಂದ್ರೆ ನಮ್ದೇ."

ಅವರು ಚೀಲ ಎತ್ತಿ ತೋರಿಸಿದರು. "ನಮ್ದಾದ್ರೆ ಪಹಣಿ ಎಲ್ಲೈತಪ್ಪ?"

ಎಲ್ಲರೂ ನಕ್ಕೆವು. ಆಮೇಲೆ ನಗು ನಿಂತಿತು. 1974ರ ಭೂಸುಧಾರಣೆಯ ಕಾಲದಲ್ಲಿ ಉಳುವವನೇ ಹೊಲದೊಡೆಯ ಅಂದರು. ಕೂಲಿ ಮಾಡುವ ನಮ್ಮವರಿಗೆ ಗೇಣಿ ಚೀಟಿಯೂ ಇರಲಿಲ್ಲ, ಬಹಳಷ್ಟು ಮಂದಿಗೆ ಹೊಲವೂ ಬರಲಿಲ್ಲ. ಈ ಸಾವಿರದ ನೂರು ಎಕರೆಗೂ ಹಾಗೇ ಆಗಬಾರದಲ್ಲ? 2025ರ ಫೆಬ್ರುವರಿಯಲ್ಲಿ ಸರ್ಕಾರದ ಉಪಸಮಿತಿಯೊಂದು, ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ದುಡ್ಡಿಲ್ಲವೆಂದು ಮುಚ್ಚುವ ಮಾತಾಡಿತು. ಚಾಮರಾಜನಗರ, ಹಾವೇರಿ, ಕೊಪ್ಪಳದಂಥ ಊರಿನವು ಅವು. ಬಳಸುವವರು ಬಿಟ್ಟು ಹೋದ ಹೊಲಕ್ಕೆ ಬೇಲಿ ಹಾಕುವವರು ಕಾದೇ ಇರುತ್ತಾರೆ.

ನಮ್ಮ ಲೆಕ್ಕ ಬರೆಯುವ ಗೆಳೆಯ ಅವತ್ತು ರಜೆ ಹಾಕಿ ಬಂದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅಂದ: "ಅಂಕಪಟ್ಟಿ ಕೊಡ್ಲಿಲ್ಲ ಅಂತ ನಾನು ಕಿಟಕೀಲಿ ಕೈ ಮುಗಿದು ನಿಂತಿದ್ದೆ. ಮುಗೀಬಾರದಿತ್ತು." ನಮಗೂ ಹೇಳಬೇಕಾದ್ದು ಇಷ್ಟೇ. ದೂರುವುದನ್ನು ಬಿಡಬೇಡಿ. ಆದರೆ ಭಿಕ್ಷೆ ಕೇಳುವವರ ಹಾಗೆ ದೂರಬೇಡಿ, ಹೊಲದವರ ಹಾಗೆ ಕೇಳಿ. ಮೇಷ್ಟ್ರು ಎಲ್ಲಿ, ರಿಸಲ್ಟು ಎಲ್ಲಿ, ಹಾಸ್ಟೆಲು ಎಲ್ಲಿ ಅಂತ.

ಹುಡುಗಿಗೆ ಸೀಟು ಸಿಕ್ಕಿತು. ಒಂದೆಕರೆ ಹತ್ತು ಗುಂಟೆ ಉಳಿಯಿತು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಊರಿನಲ್ಲೂ ಇಂಥ ಒಂದು ಚೀಲ ಹೊರಟಿರಬಹುದು. ಹೆಬ್ಬೆಟ್ಟು ಬೀಳುವ ಮೊದಲು ಒಂದು ಸಲ ಅದರ ತಳ ನೋಡಿ, ಪಹಣಿ ಇದೆಯಾ ಅಂತ.